ದಾರಿಗೆ ಬೆಲೆ ಕಟ್ಟುವವರು ಯಾರು?

ಲಾರಿಯೊಂದು ರೈಲ್ವೆ ಕೆಳಸೇತುವೆಯಲ್ಲಿ ಸಿಕ್ಕಿಕೊಂಡರೆ ಸುತ್ತ ನೆರೆದ ಜನ ಎರಡೇ ಮಾತಾಡುತ್ತಾರೆ. ‘ಡ್ರೈವರ್‌ಗೆ ಕಣ್ಣಿರಲಿಲ್ವಾ?’ ಅನ್ನೋದು ಒಂದು. ‘ಎಲ್ಲಾ ಆ ಮ್ಯಾಪಿನ ಕೆಲಸ’ ಅನ್ನೋದು ಇನ್ನೊಂದು. ಎರಡೂ ಮಾತು ಪ್ರಶ್ನೆಯನ್ನು ಅಲ್ಲಿಗೇ ಮುಗಿಸಿಬಿಡುತ್ತವೆ. ನಾವು ಕೇಳಬೇಕಾದ್ದು ಬೇರೆ. ಒಂದು ದಾರಿ ‘ಸರಿ’ ಅಂದರೆ ಏನು? ಯಾರಿಗೆ ಸರಿ? ಅದು ತಪ್ಪಾದಾಗ ದಂಡ ತೆರುವವರು ಯಾರು? ಇದು ಯಂತ್ರದ ಪ್ರಶ್ನೆಯಂತೆ ಕಂಡರೂ ಒಳಗೆ ನ್ಯಾಯದ ಪ್ರಶ್ನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಜಿಪಿಎಸ್ ದಾರಿ ತೋರಿಸುವುದಿಲ್ಲ. ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿರುವ ಉಪಗ್ರಹಗಳ ಸಂಕೇತ ಹಿಡಿದು ‘ನೀನು ಇಲ್ಲಿದ್ದೀಯ’ ಅಂತ ಲೆಕ್ಕ ಹೇಳುವುದಷ್ಟೇ ಅದರ ಕೆಲಸ. ಇದನ್ನು ಕಟ್ಟಿದ್ದು ಅಮೆರಿಕದ ಸೈನ್ಯ. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ಆಕಾಶಕ್ಕೆ ಹೋದ ಕೊರಿಯಾದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಲಾಯಿತು. 269 ಜನ ಸತ್ತರು. ಆಮೇಲೆ ಅಧ್ಯಕ್ಷ ರೇಗನ್ ಆಡಳಿತ ಇದನ್ನು ನಾಗರಿಕರಿಗೂ ಕೊಡುವುದಾಗಿ ಸಾರಿತು. ಕೊಟ್ಟರು, ಆದರೆ ಬೇಕೆಂತಲೇ ಮಸುಕು ಮಾಡಿ ಕೊಟ್ಟರು. ಸೈನ್ಯಕ್ಕೆ ಸ್ಪಷ್ಟ, ಜನಕ್ಕೆ ಸುಮಾರು 100 ಮೀಟರಿನಷ್ಟು ತಪ್ಪು. 2000ದ ಮೇ ತಿಂಗಳ ಮೊದಲಲ್ಲಿ ಕ್ಲಿಂಟನ್ ಸರ್ಕಾರದ ಒಂದು ಆದೇಶದಿಂದ ಆ ಮಸುಕು ಹೋಯಿತು. ಅದಕ್ಕಾಗಿ ಹೊಸ ವಿಜ್ಞಾನವೇನೂ ಹುಟ್ಟಿರಲಿಲ್ಲ, ಅಧಿಕಾರ ಮನಸ್ಸು ಮಾಡಿತ್ತು ಅಷ್ಟೆ. ಕರಾರುವಾಕ್ಕುತನ ಅನ್ನೋದು ಆಕಾಶದಿಂದ ಎಲ್ಲರ ಮೇಲೂ ಸಮನಾಗಿ ಸುರಿಯುವ ಮಳೆಯಲ್ಲ. ಯಾರಿಗೆ ಎಷ್ಟು ಅಂತ ಹಂಚುವ ಕೈಯೊಂದು ಇರುತ್ತದೆ.

ಇವತ್ತು ಬಯಲಿನಲ್ಲಿ ನಿಂತರೆ ಕೈಯಲ್ಲಿನ ಫೋನು ನಮ್ಮ ಜಾಗವನ್ನು ಸುಮಾರು 5 ಮೀಟರ್ ಒಳಗೆ ಹೇಳಬಲ್ಲದು. ಜಾಗ ಗೊತ್ತಾದ ಮಾತ್ರಕ್ಕೆ ದಾರಿ ಗೊತ್ತಾಗುವುದಿಲ್ಲ. ದಾರಿ ಹುಡುಕುವುದು ಬೇರೆ ಲೆಕ್ಕ. ಡಚ್ ವಿಜ್ಞಾನಿ ಎಡ್ಸ್ಗರ್ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಒಂದು ಉಪಾಯ ಈ ಲೆಕ್ಕದ ಬೇರು. ಊರುಗಳನ್ನು ಚುಕ್ಕಿ ಅನ್ನಿ, ರಸ್ತೆಗಳನ್ನು ಗೆರೆ ಅನ್ನಿ. ಪ್ರತಿ ಗೆರೆಗೂ ಒಂದು ಬೆಲೆ ಕಟ್ಟಿ. ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಅತಿ ಕಡಿಮೆ ಬೆಲೆಯ ದಾರಿ ಯಾವುದೆಂದು ಈ ಲೆಕ್ಕ ಹೇಳುತ್ತದೆ. ಲೆಕ್ಕ ತಪ್ಪುವುದಿಲ್ಲ. ಆದರೆ ಗೆರೆಗೆ ಬೆಲೆ ಕಟ್ಟಿದವರು ಯಾರು? ಯಾವುದನ್ನು ಬೆಲೆ ಅಂತ ತಿಳಿದರು? ಈ ಎರಡು ಪ್ರಶ್ನೆಗೆ ಗಣಿತ ಉತ್ತರ ಕೊಡುವುದಿಲ್ಲ. ಅದು ಮನುಷ್ಯರು ಮೊದಲೇ ಮಾಡಿಟ್ಟ ತೀರ್ಮಾನ.

ಜನ ಬಳಸುವ ಮ್ಯಾಪುಗಳಲ್ಲಿ ಆ ಬೆಲೆ ಬಹುಮಟ್ಟಿಗೆ ಕಾಲ. ಅದೂ ಕಾರಿನವರ ಕಾಲ. ಕಾರಿಗೆ ದಾರಿ ಉಂಟು, ಬೈಕಿಗೆ ಉಂಟು, ನಡೆಯುವವರಿಗೆ ಉಂಟು. ಲಾರಿ ಡ್ರೈವರ್ ಅದನ್ನು ಕೇಳಿದರೆ ಅವನಿಗೂ ಕಾರಿನ ದಾರಿಯನ್ನೇ ಹೇಳುತ್ತದೆ. ನಿನ್ನ ಗಾಡಿ ಎಷ್ಟು ಎತ್ತರ, ಎಷ್ಟು ಉದ್ದ, ಎಷ್ಟು ಟನ್ ಲೋಡು ಅಂತ ಕೇಳುವುದೇ ಇಲ್ಲ. ಇವನ್ನೆಲ್ಲ ಕೇಳಿ ದಾರಿ ಹೇಳುವ ಯಂತ್ರಗಳು ಇಲ್ಲವೆಂದಲ್ಲ. ಯುರೋಪು, ಅಮೆರಿಕದಲ್ಲಿ ಲಾರಿಗಳಿಗೆಂದೇ ಮಾಡಿ ಮಾರುತ್ತಾರೆ. ಅಂದರೆ ಇದು ಸಾಧ್ಯವಾಗದ ಕೆಲಸವಲ್ಲ. ಯಾರ ಅಗತ್ಯವನ್ನು ಅಗತ್ಯವೆಂದು ಎಣಿಸುತ್ತಾರೆ ಅನ್ನುವ ಮಾತು.

ನಮ್ಮ ರಸ್ತೆಗಳನ್ನೇ ನೋಡಿ. ಆಗುಂಬೆ ಘಾಟಿಯ ತಿರುವುಗಳಲ್ಲಿ ಭಾರಿ ವಾಹನ ಬಿಡುವುದಿಲ್ಲ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ಹಾಯ್ದು ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ. ಊರೊಳಗಿನ ರಸ್ತೆಗೆ ಅಡ್ಡಲಾಗಿ ಜೋತ ಕರೆಂಟು ತಂತಿ, ಹಳ್ಳದ ಮೇಲಿನ ಹಳೇ ಮೋರಿ, ರೈಲ್ವೆ ಕೆಳಸೇತುವೆಯ ಮುಂದೆ ನೆಟ್ಟ ಕಬ್ಬಿಣದ ತಡೆಗಂಬ ಇವೆಲ್ಲ ಲಾರಿಗೆ ದಾರಿಯ ಭಾಗ. ಕಾರಿಗೆ ಇವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ತಪ್ಪಿನ ತೂಕವೂ ಬೇರೆ. ಕಾರು ತಪ್ಪು ದಾರಿಗೆ ಹೋದರೆ ಹಿಂದಕ್ಕೆ ತಿರುಗಿಸಿದರೆ ಮುಗಿಯಿತು, ಹೋದದ್ದು ಹತ್ತು ನಿಮಿಷ. 2018ರ ನಿಯಮದ ಪ್ರಕಾರ ಎರಡು ಆಕ್ಸಲ್ಲಿನ ಲಾರಿ ಲೋಡೂ ಸೇರಿ 18.5 ಟನ್ ತೂಗಬಹುದು. ಅಷ್ಟು ಭಾರವನ್ನು ಕಿರಿದಾದ ಹಳ್ಳಿ ರಸ್ತೆಯಲ್ಲಿ ಕತ್ತಲಲ್ಲಿ ಹಿಂದಕ್ಕೆ ತೆಗೆಯುವುದೆಂದರೆ ಕ್ಲೀನರ್ ಹುಡುಗ ಕೆಳಗಿಳಿದು ಮೊಬೈಲ್ ಬೆಳಕು ಹಿಡಿದು ‘ಬರ್ಲಿ ಬರ್ಲಿ’ ಅನ್ನಬೇಕು. ಒಂದೇ ಮ್ಯಾಪು, ಒಂದೇ ತಪ್ಪು. ಒಬ್ಬನಿಗೆ ಕಿರಿಕಿರಿ, ಇನ್ನೊಬ್ಬನಿಗೆ ಕೂಲಿ ಹೋಗುತ್ತದೆ, ಕೆಲವೊಮ್ಮೆ ಜೀವ ಹೋಗುತ್ತದೆ. ನೂರರಲ್ಲಿ ತೊಂಬತ್ತೈದು ಸಲ ಸರಿ ಅಂತ ಯಾರಾದರೂ ಬೀಗಿದರೆ, ಉಳಿದ ಐದು ಯಾರ ತಲೆಮೇಲೆ ಬಿತ್ತು ಸ್ವಾಮಿ ಅಂತ ನಾವು ಕೇಳಬೇಕಾಗುತ್ತದೆ.

ಕಾಲದ ಲೆಕ್ಕಕ್ಕೆ ಬನ್ನಿ. ಇಷ್ಟು ಗಂಟೆಗೆ ತಲುಪುತ್ತೀಯ ಅಂತ ಮ್ಯಾಪು ಹೇಳುತ್ತದಲ್ಲ, ಅದರಲ್ಲಿ ಊಟ ಇಲ್ಲ, ನಿದ್ದೆ ಇಲ್ಲ, ಪಂಕ್ಚರ್ ಇಲ್ಲ, ಚೆಕ್‌ಪೋಸ್ಟಿನಲ್ಲಿ ಕಾಯುವುದಿಲ್ಲ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆ ಅಂತ ಬರೆದಿಟ್ಟಿತ್ತು. ದೂರದ ದಾರಿಗೆ ಸ್ವಲ್ಪ ಸಡಿಲ ಇತ್ತು. ಆ ಕಾಯ್ದೆಯ ಒಂದು ಅಕ್ಷರವೂ ಮ್ಯಾಪಿನ ಲೆಕ್ಕದೊಳಗೆ ಹೊಕ್ಕಲಿಲ್ಲ. ಆದರೂ ಸಾಹುಕಾರರ ಆಫೀಸಿನಲ್ಲಿ ಅದೇ ಗಂಟೆ ಆಜ್ಞೆಯಾಗುತ್ತದೆ. ಲಾರಿಗೆ ಹಾಕಿದ ಪೆಟ್ಟಿಗೆ ಗಾಡಿ ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು ಅಂತ ಚಾಡಿ ಹೇಳುತ್ತದೆ. ‘ಯಾಕಯ್ಯಾ ನಿಲ್ಸಿದೆ?’ ಅಂತ ಫೋನು ಬರುತ್ತದೆ. ಕಣ್ಣು ಎಳೀತಿತ್ತು ಅನ್ನೋದು ಅಲ್ಲಿ ಉತ್ತರವೇ ಅಲ್ಲ.

ಸರ್ಕಾರದ ಲೆಕ್ಕವೂ ಇದೇ ಜಾತಿಯದು. ಸರಕು ಸಾಗಿಸಲು ಇ-ವೇ ಬಿಲ್ ಬೇಕು. 2021ರ ಜನವರಿಯಿಂದ ಸಾಮಾನ್ಯ ಸರಕಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನದ ಆಯುಷ್ಯ. ಅದಕ್ಕೂ ಮೊದಲು 100 ಕಿ.ಮೀ.ಗೆ ಒಂದು ದಿನ ಇತ್ತು. ದೂರವನ್ನು ಎರಡು ಪಿನ್‌ಕೋಡುಗಳ ನಡುವೆ ಕಂಪ್ಯೂಟರೇ ಅಳೆಯುತ್ತದೆ. ಘಾಟಿ ಕುಸಿದರೆ, ದಾರಿ ಸುತ್ತಿ ಬಂದರೆ ಅವಧಿ ವಿಸ್ತರಿಸಲು ಅವಕಾಶ ಇದೆ. ಆದರೆ ಅದನ್ನು ಮಾಡಿಸಬೇಕಾದವರು ಆಫೀಸಿನಲ್ಲಿ ಕೂತವರು. ರಸ್ತೆಯಲ್ಲಿ ಕೈಯೊಡ್ಡಿ ನಿಲ್ಲಿಸಿದಾಗ ಅಧಿಕಾರಿಯ ಮುಂದೆ ನಿಲ್ಲುವವನು ಡ್ರೈವರ್.

ಈಗ ಡ್ರೈವರ್ ಎಂಥ ಇಕ್ಕಟ್ಟಿನಲ್ಲಿದ್ದಾನೆ ನೋಡಿ. ಮ್ಯಾಪಿನ ಗೆರೆ ಬಿಟ್ಟು ತನಗೆ ಗೊತ್ತಿರುವ ದಾರಿ ಹಿಡಿದರೆ ‘ನಿನಗೆ ಯಾರು ಹೇಳಿದ್ದು? ಡೀಸೆಲ್ ದುಡ್ಡು ಯಾರು ಕೊಡ್ತಾರೆ?’ ಗೆರೆ ಹಿಡಿದು ಹೋಗಿ ಸಿಕ್ಕಿಕೊಂಡರೆ ‘ನಿನಗೆ ಬುದ್ಧಿ ಇರಲಿಲ್ವಾ?’ ಗೆರೆ ಮೀರಿದರೆ ನಂಬಿಕೆ ಇಲ್ಲ, ಗೆರೆ ಪಾಲಿಸಿದರೆ ರಕ್ಷಣೆ ಇಲ್ಲ. ಮಾತು ಕೇಳು ಅನ್ನುವ ಅಧಿಕಾರ ಮೇಲೆ, ಮಾತು ಕೇಳಿದ್ದರ ಫಲ ಕೆಳಗೆ. ಇಂಥ ಏರ್ಪಾಡು ನಮ್ಮ ಸಮಾಜಕ್ಕೆ ಹೊಸದಲ್ಲ.

2024ರ ನವೆಂಬರ್ 24ರಂದು ಉತ್ತರ ಪ್ರದೇಶದ ಬರೇಲಿ-ಬದಾಯೂಂ ನಡುವೆ ರಾಮಗಂಗಾ ನದಿಯ ಸೇತುವೆಯಿಂದ ಕಾರೊಂದು ಕೆಳಗೆ ಬಿದ್ದು ಮೂವರು ಸತ್ತರು. ಸೇತುವೆಯ ಒಂದು ಭಾಗ ಪ್ರವಾಹದಲ್ಲಿ ಹಿಂದೆಯೇ ಕೊಚ್ಚಿಹೋಗಿತ್ತು. ಅಡ್ಡಗಟ್ಟೆ ಇರಲಿಲ್ಲ, ಮ್ಯಾಪಿನಲ್ಲಿ ದಾರಿ ತೆರೆದೇ ಇತ್ತು. ಲೋಕೋಪಯೋಗಿ ಇಲಾಖೆಯ ಇಂಜಿನಿಯರುಗಳ ಮೇಲೂ, ಹೆಸರು ಗುರುತಿಸದೆ ಗೂಗಲ್ ಮ್ಯಾಪ್ಸಿನ ಅಧಿಕಾರಿಯ ಮೇಲೂ ಪೊಲೀಸರು ಮೊಕದ್ದಮೆ ದಾಖಲಿಸಿದರು. ದಾರಿ ಅನ್ನೋದು ಒಬ್ಬನ ಕಣ್ಣಿನ ಜವಾಬ್ದಾರಿ ಮಾತ್ರವಲ್ಲ, ರಸ್ತೆ ಕಟ್ಟಿದವರದ್ದೂ, ಮುಚ್ಚದೆ ಬಿಟ್ಟವರದ್ದೂ, ತೋರಿಸಿದವರದ್ದೂ ಹೌದು ಅಂತ ಒಂದು ಸಲವಾದರೂ ಕಾಗದದ ಮೇಲೆ ಬಂತು.

ಹಾಗಾದರೆ ಡ್ರೈವರ್‌ಗೆ ಜವಾಬ್ದಾರಿಯೇ ಇಲ್ಲವೇ? ಇದೆ. ಅಮೆರಿಕದ ಡರ್ಹಮ್ ಊರಿನಲ್ಲಿ 11 ಅಡಿ 8 ಅಂಗುಲ ಎತ್ತರದ ಒಂದು ರೈಲ್ವೆ ಸೇತುವೆ ಇತ್ತು. ಫಲಕ ಇತ್ತು, ಮಿನುಗುವ ದೀಪ ಇತ್ತು. ಆದರೂ ನೂರಕ್ಕೂ ಹೆಚ್ಚು ಗಾಡಿಗಳು ಅದಕ್ಕೆ ತಲೆ ಕೊಟ್ಟವು. 2019ರಲ್ಲಿ ಸೇತುವೆಯನ್ನೇ 8 ಅಂಗುಲ ಎತ್ತಿದರು. ಆಮೇಲೂ ಗುದ್ದುವುದು ಪೂರ್ತಿ ನಿಲ್ಲಲಿಲ್ಲ. ಕಣ್ಣು ತೆರೆದಿರಬೇಕಾದ ಕರ್ತವ್ಯವನ್ನು ಯಾವ ಯಂತ್ರವೂ ತೆಗೆದುಕೊಳ್ಳಲಾರದು. ಆದರೆ ಕರ್ತವ್ಯ ಹೊರಿಸುವವರು ಅಧಿಕಾರವನ್ನೂ ಕೊಡಬೇಕು. ನಿಲ್ಲುವ ಅಧಿಕಾರ ಇಲ್ಲದವನ ಮೇಲೆ ನೋಡುವ ಕರ್ತವ್ಯ ಮಾತ್ರ ಹೇರಿದರೆ ಅದು ನ್ಯಾಯವಲ್ಲ.

ಹಳೇ ಕಾಲವೇ ಚೆನ್ನಾಗಿತ್ತು, ದಾರಿ ಕೇಳಿಕೊಂಡು ಹೋಗುತ್ತಿದ್ದರು ಅಂತ ಕೊರಗುವವರೂ ಇದ್ದಾರೆ. ನಾವು ಆ ಕೊರಗಿಗೆ ಸೇರುವುದಿಲ್ಲ. ಗೊತ್ತಿಲ್ಲದ ಊರಿನಲ್ಲಿ ರಾತ್ರಿ ಇಳಿದು ದಾರಿ ಕೇಳಿದವನಿಗೆ ಉತ್ತರಕ್ಕೆ ಮೊದಲು ‘ಯಾವೂರು? ಯಾರ ಪೈಕಿ?’ ಅನ್ನುವ ಪ್ರಶ್ನೆ ಎದುರಾಗುತ್ತಿತ್ತು. ಭಾಷೆ ಬಾರದ ಪರರಾಜ್ಯದವನ ಪಾಡು ಇನ್ನೂ ಕಷ್ಟ. ಯಂತ್ರ ಜಾತಿ ಕೇಳದೆ ದಾರಿ ಹೇಳುತ್ತದೆ. ಆ ಬಿಡುಗಡೆ ಸಣ್ಣದಲ್ಲ, ಅದನ್ನು ಕಳೆದುಕೊಳ್ಳಬೇಕಾಗಿಲ್ಲ. ಆದರೆ ಅದು ಗಾಡಿಯನ್ನೂ ಕೇಳುವುದಿಲ್ಲ, ದಣಿವನ್ನೂ ಕೇಳುವುದಿಲ್ಲ ಅನ್ನುವುದೇ ನಮ್ಮ ತಕರಾರು. ಎಲ್ಲರನ್ನೂ ಕಾರಿನವರೆಂದು ಎಣಿಸಿದರೆ ಸಮಾನತೆ ಬರುವುದಿಲ್ಲ.

ಇನ್ನೊಂದು ಮಾತು. ಮ್ಯಾಪಿಗೆ ರಸ್ತೆಯ ವೇಗ ಗೊತ್ತಾಗುವುದು ಅದರ ಮೇಲೆ ಓಡಾಡುವವರ ಫೋನುಗಳಿಂದ. ಅಂದರೆ ದಾರಿಯಲ್ಲಿ ದುಡಿಯುವವರೇ ಮ್ಯಾಪಿಗೆ ಪುಕ್ಕಟೆ ಮಾಹಿತಿ ಕೊಡುತ್ತಿದ್ದಾರೆ. ಅವರ ವೇಗವನ್ನು ತೆಗೆದುಕೊಂಡ ಯಂತ್ರ ಅವರ ಅರಿವನ್ನು ತೆಗೆದುಕೊಳ್ಳಲಿಲ್ಲ. ಗಾಡಿ ಇಲ್ಲಿ ನಿಧಾನ ಅಂತ ಅದಕ್ಕೆ ಗೊತ್ತು. ಮೋರಿ ಕುಸಿದಿದೆ, ಹುಷಾರು ಅನ್ನೋದು ಡ್ರೈವರ್‌ಗೆ ಮಾತ್ರ ಗೊತ್ತು.

ಆ ಅರಿವನ್ನು ಬರೆದಿಡಲು ದಾರಿ ಇದೆ. 2004ರಲ್ಲಿ ಶುರುವಾದ ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ಜನರೇ ಬರೆಯುವ ನಕ್ಷೆಯಲ್ಲಿ ಸೇತುವೆಯ ಎತ್ತರ, ರಸ್ತೆಯ ತೂಕದ ಮಿತಿಯನ್ನು ಯಾರು ಬೇಕಾದರೂ ಸೇರಿಸಬಹುದು. ಹಳ್ಳಿಯ ಮೇಷ್ಟ್ರು ಮಕ್ಕಳನ್ನು ಕರೆದುಕೊಂಡು ಹೋಗಿ ಊರ ಹೊರಗಿನ ಕೆಳಸೇತುವೆಯನ್ನು ಅಳೆದು ಬರೆದರೆ ಅದು ಗಣಿತದ ಪಾಠವೂ ಹೌದು, ಗೊತ್ತಿಲ್ಲದ ಒಬ್ಬ ಡ್ರೈವರಣ್ಣನ ಜೀವ ಉಳಿಸುವ ಕೆಲಸವೂ ಹೌದು. ಹಾಗಂತ ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ. ಪ್ರತಿ ಸೇತುವೆಯ ಎತ್ತರ, ಪ್ರತಿ ಘಾಟಿಯ ನಿಷೇಧ ಸಾರ್ವಜನಿಕ ಪಟ್ಟಿಯಲ್ಲಿ, ಕನ್ನಡದಲ್ಲಿ ಇರಬೇಕು. ಡ್ರೈವರ್ ಬೇರೆ ದಾರಿ ಹಿಡಿದರೆ ಕಾರಣ ಕೇಳಲಿ, ಆದರೆ ಕೇಳುವ ಮೊದಲೇ ಬಾಟಾ ಹಿಡಿಯಬಾರದು. ತಲುಪುವ ಗಂಟೆಯ ಲೆಕ್ಕದಲ್ಲಿ ದುಡಿಮೆಯ ಗಂಟೆಯ ಮಿತಿ ಬರಬೇಕು. ನಿದ್ದೆ ಬಂದಾಗ ಗಾಡಿ ನಿಲ್ಲಿಸುವುದು ಹಕ್ಕಾಗಬೇಕು.

ದಾರಿಗೆ ಬೆಲೆ ಕಟ್ಟುವಾಗ ಆ ದಾರಿಯಲ್ಲಿ ಭಾರ ಹೊತ್ತು ಹೋಗುವವರನ್ನು ಕೇಳಿ ಕಟ್ಟಲಿ. ಅಲ್ಲಿಯವರೆಗೆ ಅವರು ಸರಿ ಅನ್ನುವ ದಾರಿ ಯಾರಿಗೆ ಸರಿ ಅಂತ ಕೇಳುತ್ತಲೇ ಇರೋಣ.