ಕ್ಷೇತ್ರವೃದ್ಧಿಯೆಂಬ ಅತಿಚಾರ

ಶ್ರಾವಕನು ತನ್ನ ಸಂಚಾರ-ವ್ಯವಹಾರಗಳ ದಿಕ್ಕುಗಳಿಗೆ ಜೀವನಪರ್ಯಂತ ಮೇರೆ ಹಾಕಿಕೊಳ್ಳುವುದೇ ದಿಗ್ವ್ರತ. ಲೋಭವಶನಾಗಿ ಆ ಮೇರೆಯನ್ನು ಹಿಗ್ಗಿಸುವುದಕ್ಕೆ ‘ಕ್ಷೇತ್ರವೃದ್ಧಿ’ ಎಂದು ಹೆಸರು. ತತ್ತ್ವಾರ್ಥಸೂತ್ರವು ಅದನ್ನು ಈ ವ್ರತದ ಅತಿಚಾರಗಳಲ್ಲಿ ಎಣಿಸಿದೆ. ಇಂದಿನ ವಾಣಿಜ್ಯಕ್ಕಾದರೋ ಕ್ಷೇತ್ರವೃದ್ಧಿಯೇ ಪರಮ ಪುರುಷಾರ್ಥ. ವರ್ತಕರಾದ ನಾವು ಇವೆರಡರ ನಡುವೆ ಎಲ್ಲಿ ನಿಲ್ಲಬೇಕು?

ಆಹಾರದ ಉದ್ಯಮವನ್ನೇ ನೋಡೋಣ. 1940ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಬ್ಬರು ಸಹೋದರರು ತೆರೆದ ಮೆಕ್‌ಡೊನಾಲ್ಡ್ಸ್ ಎಂಬ ಉಪಾಹಾರಗೃಹವು ಇಂದು 100ಕ್ಕೂ ಹೆಚ್ಚು ದೇಶಗಳಲ್ಲಿ 40,000ಕ್ಕೂ ಮಿಗಿಲಾದ ಮಳಿಗೆಗಳಾಗಿ ಹರಡಿದೆ. ಅಲ್ಲಿಯ ಶುಚಿತ್ವ, ನಿಗದಿತ ಅಳತೆಗಳಿಂದ ನಾವು ಕಲಿಯಬೇಕಾದುದು ಉಂಟು. ಆದರೆ ಎಲ್ಲೆಡೆ ಒಂದೇ ರುಚಿ ಬೇಕೆಂದರೆ ಎಲ್ಲೆಡೆ ಅದಕ್ಕೊಪ್ಪುವ ಕೆಲವೇ ತಳಿಗಳನ್ನು ಬೆಳೆಯಬೇಕಾಗುತ್ತದೆ. ಉಂಡವನಿಗೆ ಬೆಳೆದವನ ಮುಖ ತಿಳಿಯದು. ಲಾಭ ಪಡೆದವನಿಗೆ ಇಬ್ಬರ ಮುಖವೂ ತಿಳಿಯದು.

1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಂಟಕಿ ಫ್ರೈಡ್ ಚಿಕನ್ ಮಳಿಗೆ ಆರಂಭವಾಯಿತು. 1996ರ ಜನವರಿ 30ರಂದು, ಗಾಂಧೀಜಿಯವರ ಪುಣ್ಯತಿಥಿಯಂದೇ, ರೈತ ಸಂಘದವರು ಅದರ ಮೇಲೆ ದಾಳಿ ನಡೆಸಿದರು. ರೈತರ ಆತಂಕ ನಿಜವಾದುದು. ಆದರೆ ಹಿಡಿದ ಮಾರ್ಗ ಅಹಿಂಸೆಯದಲ್ಲ. ಅದಕ್ಕೂ ಹತ್ತು ವರ್ಷ ಮೊದಲು, 1986ರಲ್ಲಿ, ಇಟಲಿಯ ರೋಮ್ ನಗರಕ್ಕೆ ಮೆಕ್‌ಡೊನಾಲ್ಡ್ಸ್ ಬಂದಾಗ ಕಾರ್ಲೊ ಪೆಟ್ರಿನಿ ಮತ್ತು ಸಂಗಡಿಗರು ತಮ್ಮ ನಾಡಿನ ಪಾಸ್ತಾವನ್ನು ಜನರಿಗೆ ಹಂಚಿ ಪ್ರತಿಭಟಿಸಿದರು. ಸ್ಥಳೀಯ ಬೆಳೆ, ಸ್ಥಳೀಯ ಅಡುಗೆಗಳನ್ನು ಉಳಿಸಲು ಹೊರಟ ‘ಸ್ಲೋ ಫುಡ್’ ಚಳವಳಿ ಹೀಗೆ ಬೆಳೆಯಿತು. ಒಡೆಯುವುದಕ್ಕಿಂತ ಉಣಿಸುವುದು ಮೇಲಾದ ಉತ್ತರವಲ್ಲವೇ?

ಹಾಗೆಂದು ಸ್ಥಳೀಯವಾದ ಮಾತ್ರಕ್ಕೆ ವ್ಯಾಪಾರವು ಧರ್ಮವಾಗದು. ದವಸದ ವ್ಯಾಪಾರಿಯಾದ ನಾನು ಒಂದು ಕಾಲದಲ್ಲಿ ಮೂರು ಊರುಗಳಲ್ಲಿ ಅಂಗಡಿ ತೆರೆದಿದ್ದೆ. ಒಂದು ದಿನ ವೃದ್ಧೆಯೊಬ್ಬರು ತೊಗರಿಬೇಳೆಯ ಪೊಟ್ಟಣ ತಂದು ನನ್ನ ಎದುರಿಗೇ ತೂಗಿಸಿದರು. ಐವತ್ತು ಗ್ರಾಂ ಕಡಿಮೆಯಿತ್ತು. ಅದು ಯಾರ ಕೈಯ ತಪ್ಪೆಂದು ಹೇಳಲು ನನ್ನಿಂದಾಗಲಿಲ್ಲ. ತೂಕದಲ್ಲಿ ಮೋಸ ಅಚೌರ್ಯಾಣುವ್ರತದ ಅತಿಚಾರ. ಅದಕ್ಕೆ ಬಾಗಿಲು ತೆರೆದುದು ನನ್ನ ಕ್ಷೇತ್ರವೃದ್ಧಿ. ಮರುವರ್ಷ ಎರಡು ಅಂಗಡಿಗಳನ್ನು ಮುಚ್ಚಿದೆ. ಆದಾಯ ಕುಗ್ಗಿದುದು ದೊಡ್ಡ ಮಾತಲ್ಲ. ಅಲ್ಲಿ ದುಡಿಯುತ್ತಿದ್ದವರಿಗೆಲ್ಲ ಬೇರೆ ಕೆಲಸ ಕೊಡಿಸಲಾಗಲಿಲ್ಲ. ಮಿತಿಯನ್ನು ಮೊದಲೇ ಹಾಕಿಕೊಳ್ಳದವನ ತಪ್ಪಿಗೆ ಅನ್ಯರು ಬೆಲೆ ತೆತ್ತರು.

ಆದುದರಿಂದ ದೋಷವು ಪರದೇಶದ್ದೆಂಬುದರಲ್ಲಿಲ್ಲ, ಮೇರೆಯಿಲ್ಲದಿರುವುದರಲ್ಲಿದೆ. ಗ್ರಾಹಕನು ಎದುರಿಗೆ ನಿಂತು ಪ್ರಶ್ನಿಸಿದಾಗ ಮಾಲೀಕನು ತಿಳಿದು ಉತ್ತರಿಸಬಲ್ಲಷ್ಟು ದೂರವೇ ವ್ಯಾಪಾರದ ಮೇರೆ. ಹೊಸ ಶಾಖೆಯ ಮುಹೂರ್ತಕ್ಕೆ ಮುನ್ನ ಪ್ರತಿಯೊಬ್ಬ ಶ್ರಾವಕ ಬಂಧುವೂ ಆ ದೂರವನ್ನು ಅಳೆದುಕೊಳ್ಳಲಿ. ಅಳೆಯದೆ ಹೋದರೆ ಏನಾಗುವುದೆಂದು ನಾನು ಬಲ್ಲೆ.