ನುಡಿಸಿದವರು ಯಾರು?

ನಮ್ಮ ಭಜನಾ ಮಂದಿರದ ಹಿರಿಯರೊಬ್ಬರು ಮಂಗಳಾರತಿಯ ಬಳಿಕ ನನ್ನನ್ನು ಕೇಳಿದರು: "ಮಾಷ್ಟ್ರೇ, ಈಗ ಬಾರಿಸಿದ್ದು ನೀವಾ, ಆ ಮೆಷಿನ್ನಾ?" ದೇವರ ಮುಂದಿನ ಸೇವೆಯ ಬಗ್ಗೆ ಕೇಳಿದ ಪ್ರಶ್ನೆ. ಉತ್ತರ ಕೊಡಲೇಬೇಕು.

ನನ್ನ ಬೆರಳಿನ ಗಂಟುಗಳು ಬಿಗಿದಿವೆ, ದ್ರುತದ ಸ್ವರಗಳು ಈಗ ಕೈಗೆ ಬರುವುದಿಲ್ಲ. ಹಾಗಾಗಿ ಚಿಕ್ಕದೊಂದು ಮಿಡಿ ಕೀಬೋರ್ಡಿನಲ್ಲಿ ಆರ್ಪೆಜಿಯೇಟರ್ ಬಳಸುತ್ತೇನೆ. ಆ ಕೀಬೋರ್ಡಿಗೆ ಸ್ವಂತ ದನಿಯಿಲ್ಲ. ಯಾವ ಮನೆ ಒತ್ತಿದೆ, ಎಷ್ಟು ಬಲವಾಗಿ ಒತ್ತಿದೆ, ಯಾವಾಗ ಬಿಟ್ಟೆ ಎಂಬುದನ್ನಷ್ಟೇ ಅದು ಲ್ಯಾಪ್‌ಟಾಪಿಗೆ ತಿಳಿಸುತ್ತದೆ. ಆರ್ಪೆಜಿಯೇಟರ್ ಹಾಕಿದರೆ, ಒಟ್ಟಿಗೆ ಹಿಡಿದ ಸ್ವರಗಳನ್ನು ಒಂದೊಂದಾಗಿ, ಹೇಳಿದ ವೇಗದಲ್ಲಿ, ಬೆರಳು ಎತ್ತುವ ತನಕ ಸುತ್ತಿ ಸುತ್ತಿ ನುಡಿಸುತ್ತದೆ. ನಿಮಿಷಕ್ಕೆ 72 ಪೆಟ್ಟು, ಪೆಟ್ಟಿಗೆ ನಾಲ್ಕು ಸ್ವರ ಎಂದಿಟ್ಟರೆ ನಿಮಿಷಕ್ಕೆ 288 ಸ್ವರ. ನಾನು ಒತ್ತಿದ್ದು ಐದೇ ಮನೆ.

ಗೀತೆಯ ಹದಿನೆಂಟನೆಯ ಅಧ್ಯಾಯ ಕರ್ಮಕ್ಕೆ ಐದು ಕಾರಣಗಳನ್ನು ಎಣಿಸುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ತಾನೊಬ್ಬನೇ ಮಾಡಿದೆ ಎಂದುಕೊಂಡವನಿಗೆ ಸರಿಯಾದ ನೋಟವಿಲ್ಲ ಎಂದೂ ಅಲ್ಲೇ ಇದೆ. ಹಾಗೆ ನೋಡಿದರೆ ವೀಣೆಯೂ ಕರಣವೇ, ಈ ಯಂತ್ರವೂ ಕರಣವೇ. ಆದರೆ ವೀಣೆಯಲ್ಲಿ ಪ್ರತಿ ಸ್ವರದ ಹಿಂದೆಯೂ ಬೆರಳಿನ ಚೇಷ್ಟೆ ಇದೆ. ಇಲ್ಲಿ ನನ್ನ ಚೇಷ್ಟೆ ಎಲ್ಲಿದೆ? ಹಿರಿಯರ ಪ್ರಶ್ನೆಯ ಮೊನೆ ಇರುವುದು ಇಲ್ಲೇ.

ಉತ್ತರ ನನಗೆ ಸಿಕ್ಕಿದ್ದು ತಾಳದಲ್ಲಿ. ಶ್ರುತಿ ಬಿಳಿ ಒಂದಾದರೆ ಹಂಸಧ್ವನಿಯ ಸ ರಿ ಗ ಪ ನಿ ಐದೂ ಬಿಳಿ ಮನೆಗಳೇ, ಒಂದೇ ಕೈಗೆ ಸಿಗುತ್ತವೆ. ಹಿಡಿದರೆ ಯಂತ್ರ ಆರೋಹಣವನ್ನು ತಪ್ಪಿಲ್ಲದೆ ಹೇಳುತ್ತದೆ. (ಗಮಕವಿಲ್ಲದ ಅದನ್ನು ರಾಗ ಎಂದು ನಾನು ಕರೆಯುವುದಿಲ್ಲ.) ಆದರೆ ಸ್ವರ ಐದು, ಪೆಟ್ಟಿಗೆ ನಾಲ್ಕು. ಷಡ್ಜ ಪೆಟ್ಟಿನ ಮೇಲೆ ಬೀಳುವುದು ಐದು ಪೆಟ್ಟಿಗೊಮ್ಮೆ, ಆದಿತಾಳದ ಸಮದ ಮೇಲೆ, ಅಂದರೆ ಆವರ್ತದ ಮೊದಲ ಪೆಟ್ಟಿನ ಮೇಲೆ, ಬೀಳುವುದು ಐದು ಆವರ್ತಕ್ಕೊಮ್ಮೆ. ಹಾಡುವವರು ಸಮಕ್ಕೆ ಬಂದಾಗ ಯಂತ್ರ ಗಾಂಧಾರದಲ್ಲೋ ನಿಷಾದದಲ್ಲೋ ಇರುತ್ತದೆ. ಅದಕ್ಕೆ ಎಣಿಕೆ ಗೊತ್ತು, ಸಮ ಗೊತ್ತಿಲ್ಲ. ಪ್ರತಿ ಆವರ್ತದ ತುದಿಯಲ್ಲಿ ನಾನು ಐದೂ ಬೆರಳೆತ್ತಿ, ಸಮಕ್ಕೆ ಸರಿಯಾಗಿ ಮತ್ತೆ ಒತ್ತಿದರೆ ಮಾತ್ರ ಷಡ್ಜ ಅಲ್ಲಿ ನಿಲ್ಲುತ್ತದೆ. ಆ ಎತ್ತಿ ಒತ್ತುವ ಗಳಿಗೆಗೆ ಕಿವಿ ಹಾಡುವವರ ಉಸಿರಿನ ಮೇಲೇ ಇರಬೇಕು. ಕೈ ಆಡುತ್ತಿದ್ದ ದಿನಗಳಲ್ಲಿ ನಾನು ಅವರನ್ನು ಇಷ್ಟು ಗಮನವಿಟ್ಟು ಕೇಳುತ್ತಿರಲಿಲ್ಲ.

ಇದೇ ಕೀಬೋರ್ಡಿನಲ್ಲಿ ಲ್ಯಾಚ್ ಎಂಬ ಗುಂಡಿಯೂ ಇದೆ. ಅದನ್ನು ಒತ್ತಿದರೆ ಕೈ ತೆಗೆದರೂ ಸ್ವರ ನಿಲ್ಲದು, ನಾನು ಎದ್ದು ಹೊರಗೆ ಹೋಗಬಹುದು. ಇಂದು ಎಷ್ಟೋ ದೇವಸ್ಥಾನಗಳಲ್ಲಿ ಆರತಿಯ ಹೊತ್ತಿಗೆ ನಗಾರಿ, ಜಾಗಟೆಗಳನ್ನು ಮೋಟಾರು ಬಡಿಯುತ್ತದೆ. ಬಡಿಯಲು ಜನ ಸಿಗದ ಊರಿನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಸ್ವಿಚ್ ಹಾಕಿ ಹೋದವರ ಪಾಲಿಗೆ ಅಲ್ಲಿ ಸದ್ದಿದೆ, ಸೇವೆಯಿಲ್ಲ. ಸೇವೆಗೆ ಸ್ವರಗಳ ಸಂಖ್ಯೆ ಲೆಕ್ಕಕ್ಕಿಲ್ಲ. ಸೇವೆ ಮಾಡುವವನು ಅಲ್ಲಿ ಇದ್ದಾನೆಯೇ ಎಂಬುದೇ ಲೆಕ್ಕ.

ಹಿರಿಯರಿಗೆ ಹೇಳಿದೆ: "ಸ್ವರ ಅದರದ್ದು, ಸಮ ನನ್ನದು." ಭಜನೆಗೆ ಕೀಬೋರ್ಡ್ ತರುವ ಹುಡುಗರಿಗೂ ಅದನ್ನೇ ಹೇಳುತ್ತೇನೆ. ಆರ್ಪೆಜಿಯೇಟರ್ ಧಾರಾಳವಾಗಿ ಬಳಸಿ, ದೇವರ ಮುಂದೆ ಲ್ಯಾಚ್ ಮಾತ್ರ ಹಾಕಬೇಡಿ.