ಬಿದ್ದ ಮರಿಯ ಜಾತಿ

ಕೃತ್ತಿಕೆಯ ಮಳೆ ಗಾಳಿಯೊಡನೆ ಬಂದು ಹೋದ ಮಾರನೆಯ ಬೆಳಗ್ಗೆ, ದುದ್ದದ ನಮ್ಮ ಮನೆಯ ಹಿತ್ತಿಲಿನ ಹೊಂಗೆಯ ಮರದಡಿಯಲ್ಲಿ ಬಿದ್ದಿದ್ದ ಹಕ್ಕಿಮರಿಯೊಂದನ್ನು ನೆರೆಮನೆಯ ಹುಡುಗನು ಟವಲಿನಲ್ಲಿ ಸುತ್ತಿ ತಂದು ಜಗುಲಿಯ ಮೇಲಿಟ್ಟು, “ಇದು ಯಾವ ಜಾತಿ, ತಾತ?” ಎಂದು ಕೇಳಿದನು. ಆಲೂಗೆಡ್ಡೆಯ ಬಿತ್ತನೆಯ ಕಾಲವಾದುದರಿಂದ ಊರೆಲ್ಲ ಹೊಲದಲ್ಲಿತ್ತು. ಉತ್ತರ ಕೊಡಲು ಬಿಡುವಿದ್ದವನು ನಾನೊಬ್ಬನೇ.

ಹಕ್ಕಿಗೂ ಮನುಷ್ಯನಿಗೂ ನಮ್ಮ ನುಡಿಯಲ್ಲಿ ಇರುವುದು ಅದೊಂದೇ ಪದ. ಮನುಷ್ಯರ ವಿಷಯದಲ್ಲಿ ಆ ಪ್ರಶ್ನೆಯನ್ನು ಕೇಳಬಾರದೆಂದು ಜೀವಮಾನವಿಡೀ ವಾದಿಸಿದವನಿಗೆ, ಹಸಿದು ಬಾಯ್ದೆರೆದ ಜೀವವೊಂದರ ಎದುರಿನಲ್ಲಿ ಅದನ್ನೇ ಕೇಳಬೇಕಾಗಿ ಬಂದುದು ಕೊಂಚ ಮುಜುಗರವನ್ನೇ ತಂದಿತು. ಕನ್ನಡ ನಾಡಿನಲ್ಲಿ ದಯೆಯನ್ನು ಕುರಿತು ಹೇಳುವುದಕ್ಕೆ ಬಸವಣ್ಣನವರಾದ ಮೇಲೆ ಹೊಸತೇನೂ ಉಳಿದಿಲ್ಲ. ಆದರೂ ದಯೆಗೆ ಪಾತ್ರವಾಗುವ ಮುನ್ನ ಜೀವವು ತನ್ನ ಕುಲವನ್ನು ಹೇಳಿಕೊಳ್ಳಬೇಕೇ ಎಂಬ ಪ್ರಶ್ನೆ ಜಗುಲಿಯ ಮೇಲೆ ಬಾಯ್ದೆರೆದು ಕುಳಿತಿತ್ತು.

ಹೇಳಿಕೊಳ್ಳಬೇಕೆಂಬುದೇ ನನ್ನ ಮತ. ಹತ್ತು ವರ್ಷದ ಬಾಲಕನಾಗಿದ್ದಾಗ ಇಂಥದೇ ಮರಿಯೊಂದಕ್ಕೆ ಯಾವ ಜಾತಿಯನ್ನೂ ಕೇಳದೆ, ಶುದ್ಧ ಕರುಣೆಯಿಂದಲೇ, ಹತ್ತಿಯ ಬತ್ತಿಯಲ್ಲಿ ಹಾಲನ್ನು ಹಿಂಡಿದ್ದೆನು. ಹಕ್ಕಿಯ ಉಸಿರುನಾಳದ ದ್ವಾರವು ನಾಲಗೆಯ ಬುಡದಲ್ಲಿಯೇ ಇರುವುದೆಂದೂ, ಬಾಯಿಗೆ ಹೊಯ್ದ ದ್ರವವು ನೆಟ್ಟಗೆ ಶ್ವಾಸಕೋಶಕ್ಕೆ ಇಳಿಯಬಲ್ಲುದೆಂದೂ, ಹಸುವಿನ ಹಾಲು ಯಾವ ಹಕ್ಕಿಯ ಮರಿಗೂ ಆಹಾರವಲ್ಲವೆಂದೂ ಆಗ ಅರಿಯೆನು. ಸಂಜೆಯ ಹೊತ್ತಿಗೆ ಮರಿ ಸತ್ತಿತು. ಪಾರಿವಾಳವು ತನ್ನ ಕೊರಳಚೀಲದಲ್ಲಿ ಒಸರುವ ಮೊಸರಿನಂಥ ರಸವನ್ನು ಮರಿಗೆ ಉಣಿಸುತ್ತದೆ. ಕಾಳು ತಿನ್ನುವ ಗುಬ್ಬಿಯೂ ಮರಿಗೆ ಹುಳುವನ್ನೇ ತರುತ್ತದೆ. ಟಿಟ್ಟಿಭ, ಕೌಜುಗ, ನವಿಲುಗಳ ಮರಿಗಳಂತೂ ಮೊಟ್ಟೆಯೊಡೆದು ಬರುವಾಗಲೇ ಕಣ್ದೆರೆದು, ತುಪ್ಪುಳು ಹೊದ್ದು, ತಾಯಿಯ ಬೆನ್ನ ಹಿಂದೆ ಓಡಿ ತಾವೇ ಹೆಕ್ಕಿ ತಿನ್ನುತ್ತವೆ. ನಮ್ಮ ಊಟದ ಸಾಲಿನಲ್ಲಿ ಪಾಪವೆನಿಸುವ ಪಂಕ್ತಿಭೇದವೇ ಇಲ್ಲಿ ಧರ್ಮ. ಹೊರಗಿಡುವುದಕ್ಕಾಗಿ ಜಾತಿಯನ್ನು ಕೇಳುವವನ ನಾಲಗೆಯ ಮೇಲೆಯೂ ಉಣಿಸುವುದಕ್ಕಾಗಿ ಕೇಳುವವನ ನಾಲಗೆಯ ಮೇಲೆಯೂ ಪದವೊಂದೇ ಇರಬಹುದು. ಪ್ರಶ್ನೆ ಒಂದೇ ಅಲ್ಲ.

ಮರದ ಮೇಲೆ ಇದ್ದುದು ಕಾಗೆಯ ಗೂಡು. ಮರಿಯ ಮೈ ಕರಿದು, ರೆಕ್ಕೆಯ ಗರಿಗಳು ಇನ್ನೂ ಅರ್ಧ ಕೊಳವೆಯೊಳಗೆ. ಹುಡುಗನು ಕಾಗೆಯೆಂದೇ ತೀರ್ಮಾನಿಸಿಬಿಟ್ಟಿದ್ದನು. ಲಕ್ಷಣವೆಂದರೆ ಅಸಾಧಾರಣ ಧರ್ಮವೆಂದು ನಮ್ಮ ತಾರ್ಕಿಕರು ಹೇಳುತ್ತಾರೆ. ಗೋವಿಗೆ ಗಂಗೆದೊಗಲು ಲಕ್ಷಣವೇ ಹೊರತು ಕೊಂಬಲ್ಲ, ಅದು ಎಮ್ಮೆಗೂ ಉಂಟು. ಕಪ್ಪು ಬಣ್ಣಕ್ಕೂ ಅದೇ ಅತಿವ್ಯಾಪ್ತಿಯ ದೋಷ. ಆದುದರಿಂದ ಮರಿಯನ್ನು ಮೆಲ್ಲನೆ ಮಗುಚಿ ಕಾಲನ್ನು ನೋಡಿದೆನು. ಕಾಗೆಗೆ ಮೂರು ಬೆರಳು ಮುಂದಕ್ಕೆ, ಒಂದು ಹಿಂದಕ್ಕೆ. ಈ ಮರಿಗೆ ಮುಂದೆರಡು, ಹಿಂದೆರಡು. ಕೋಗಿಲೆ.

ಸಂಸ್ಕೃತ ಕವಿಗಳು ‘ಪರಭೃತ’ವೆಂದು ಕರೆದ ಈ ಹಕ್ಕಿಯನ್ನು ನೆನೆದು, ಕುಲವನ್ನು ಕೇಳದೆ ಸಾಕುವ ಕಾಗೆಯೇ ಮಹಾಜ್ಞಾನಿಯೆಂದು ಉಪನ್ಯಾಸ ಮಾಡುವವರನ್ನು ಕಂಡಿದ್ದೇನೆ. ನಾನೊಪ್ಪೆನು. ಬೆಳೆದ ಕೋಗಿಲೆಯನ್ನು ಕಂಡರೆ ಕಿರಿಚುತ್ತ ಅಟ್ಟಿಸಿಕೊಂಡು ಹೋಗುವುದೂ ಅದೇ ಕಾಗೆಯೇ. ಅದು ಕೇಳದೆ ಇರುವುದು ತಿಳಿಯದೆ, ಸಮದರ್ಶನದಿಂದಲ್ಲ. ಬೃಹದಾರಣ್ಯಕದ ಭಾಷ್ಯದಲ್ಲಿ ಶಂಕರರು ಬೇಡರ ಮನೆಯಲ್ಲಿ ಬೆಳೆದು ತಾನು ಬೇಡನೆಂದೇ ನಂಬಿದ್ದ ರಾಜಪುತ್ರನ ಕಥೆಯನ್ನು ತರುತ್ತಾರೆ. ಆತನಿಗೆ ನಿಜವನ್ನು ಹೇಳುವವನೊಬ್ಬನು ಬೇಕಾಯಿತು. ಕಾಗೆಯ ಕೂಗನ್ನೇ ಕೇಳಿ ಬೆಳೆದ ಕೋಗಿಲೆಗೆ ಕುಹೂಕಾರವನ್ನು ಯಾರೂ ಕಲಿಸಬೇಕಾಗಿಲ್ಲ. ಈ ಒಂದು ವಿಷಯದಲ್ಲಿ ಮನುಷ್ಯನ ಸ್ಥಿತಿ ಹಕ್ಕಿಗಿಂತ ಕಷ್ಟದ್ದು.

ಅಷ್ಟರಲ್ಲಿ ಬೇಲಿಯಾಚೆಯಿಂದ ಹುಡುಗನ ಅಜ್ಜಿ, “ಮುಟ್ಟಬ್ಯಾಡ ಕಣ್ಲಾ ಮಗಾ, ಮನುಸ್ರು ಮುಟ್ಟಿದ್ ಮರೀನ ತಾಯಿ ಸೇರಿಸಾಕಿಲ್ಲ” ಎಂದು ಕೂಗಿದರು. ಊರೂರಿನಲ್ಲಿಯೂ ಇರುವ ನಂಬಿಕೆ; ನಿಜವಲ್ಲ. ಗೂಡಿಗೆ ಹಿಂದಿರುಗಿಸಿದ ಮರಿಯನ್ನು ಮನುಷ್ಯರ ಕೈ ಸೋಕಿತೆಂಬ ಕಾರಣಕ್ಕೆ ಹಕ್ಕಿಗಳು ತೊರೆಯುವುದಿಲ್ಲ. ಮೈಲಿಗೆಯೆಂಬುದು ನಮ್ಮದು, ಅದನ್ನು ಅವುಗಳ ಮೇಲೆ ಹೊರಿಸಿದ್ದೇವೆ.

“ಹಂಗಾದ್ರೆ ಕೋಗಿಲೆ ಗೂಡಿಗೆ ಬಿಡಬೇಕಾ ತಾತ?” ಎಂದನು ಹುಡುಗ. ಕೋಗಿಲೆಗೆ ಗೂಡಿಲ್ಲ. ನಾವೇ ಸಾಕೋಣವೆಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಜಾತಿ ತಿಳಿದ ಮೇಲೆಯೂ ಮರಿ ಸೇರಬೇಕಾದುದು ಕಾಗೆಯ ಮನೆಯನ್ನೇ. ತಲೆಗೆ ಗೋಣಿಯ ಕೊಪ್ಪೆ ಹಾಕಿಕೊಂಡು ಹುಡುಗನು ಏಣಿಯನ್ನೇರಿದನು. ಎರಡು ಕಾಗೆಗಳು ಕೊಪ್ಪೆಯನ್ನು ಕುಕ್ಕಿದುವು. ಅರ್ಧ ಗಂಟೆಯ ಬಳಿಕ ಅವುಗಳಲ್ಲೊಂದು ಕೊಕ್ಕಿನಲ್ಲಿ ಏನನ್ನೋ ಕಚ್ಚಿಕೊಂಡು ಬಂದು ಗೂಡಿನ ಅಂಚಿನಲ್ಲಿ ಕುಳಿತು ಬಾಗಿತು. ಏನನ್ನು ತಂದಿತೆಂಬುದು ಕೆಳಗಿನಿಂದ ಕಾಣಲಿಲ್ಲ.